ಯಾರಿಗೆ ಯಾರು ಏನಾಗಬೇಕು? ಹಳೆಯ ಮಲಯಾಳಂ ಧಾರಾವಾಹಿಗಳ ನಂಟುಗಳು

ಹಳೆಯ ಧಾರಾವಾಹಿ ನೋಡುತ್ತಾ ಮಲಯಾಳಂ ಕಲಿಯುವವರಿಗೆ ಅಮ್ಮ, ಅಚ್ಛನ್ (ಅಪ್ಪ), ಚೇಚ್ಚಿ (ಅಕ್ಕ) ಮೊದಲ ದಿನವೇ ಹತ್ತುತ್ತವೆ. ಎಡವುವುದು ಮುಂದಿನ ಪದದಲ್ಲಿ.

ಏಟ್ಟನ್: ಅಣ್ಣನೋ, ಗಂಡನೋ?

ಏಟ್ಟನ್, ಚೇಟ್ಟನ್ ಎಂದರೆ ಅಣ್ಣ. ಆದರೆ ಹಿಂದೂ ಮನೆಯ ಕಥೆಯಲ್ಲಿ ಹೆಂಡತಿ ಗಂಡನನ್ನು ಕರೆಯುವುದೂ ‘ಏಟ್ಟಾ’ ಎಂದೇ. ಕ್ರೈಸ್ತರ ಮನೆಯಲ್ಲಿ ಇಚ್ಚಾಯನ್, ಮುಸ್ಲಿಮರ ಮನೆಯಲ್ಲಿ ಇಕ್ಕ. ಅವೂ ಅಣ್ಣನಿಗೆ ಹೇಳುವ ಮಾತುಗಳೇ. ನಮ್ಮ ‘ರೀ’ ಕೂರುವ ಜಾಗ ಅದು. ಹಾಗೆ ಕರೆದವಳನ್ನು ‘ತಂಗಿ’ ಎಂದು ಬರೆದುಕೊಂಡರೆ ಇಡೀ ವಂಶವೃಕ್ಷವೇ ತಪ್ಪುತ್ತದೆ.

ಕ್ರಿಯಾಪದದಿಂದಲೂ ಸುಳಿವು ಸಿಗದು. ಕನ್ನಡದಲ್ಲಿ ಬಂದ, ಬಂದಳು, ಬಂದರು ಎನ್ನುವಾಗ ಲಿಂಗ, ಗೌರವ ಎರಡೂ ಪ್ರತ್ಯಯದಲ್ಲೇ ತಿಳಿಯುತ್ತವೆ. ಮಲಯಾಳಂನಲ್ಲಿ ಮೂರಕ್ಕೂ ಒಂದೇ ‘ವನ್ನು’. ಹಾಗಾಗಿ ಸಲಿಗೆ, ಗೌರವ, ಮುನಿಸಿನ ಭಾರವೆಲ್ಲ ಕರೆಯುವ ಪದದ ಮೇಲೇ ಬೀಳುತ್ತದೆ.

ಅತ್ತೆಯ ಮಾತನ್ನು ನೆಚ್ಚಬೇಡಿ. ಮಗಳಿಗೂ ಸೊಸೆಗೂ ಆಕೆ ‘ಮೋಳೇ’ (ಮಗಳೇ) ಎನ್ನುತ್ತಾಳೆ, ಸೊಸೆಯೂ ಆಕೆಯನ್ನು ‘ಅಮ್ಮೇ’ ಎನ್ನುವುದುಂಟು. ಗಟ್ಟಿ ಸುಳಿವು ಸಿಗುವುದು ನಾಯಕನ ತಂಗಿ ತಮ್ಮಂದಿರ ಬಾಯಲ್ಲಿ: ಅವನನ್ನು ‘ಏಟ್ಟಾ’ ಎನ್ನುವ ಹೆಣ್ಣನ್ನು ಅವರು ಏಟ್ಟತ್ತಿ ಅಥವಾ ಏಟ್ಟತ್ತಿಯಮ್ಮ ಎಂದರೆ ಅತ್ತಿಗೆ. ನಾತ್ತೂನ್ (ನಾದಿನಿ) ಕೇಳಿಸಿದರೂ ಮದುವೆಯ ನಂಟೇ.

ಇನ್ನೊಂದು ಮಾತು, ನನಗೆ ಬಹಳ ಇಷ್ಟವಾದದ್ದು. ಎದುರಿಗಿಲ್ಲದ ಗಂಡನ ಬಗ್ಗೆ ಮಾತಾಡುವಾಗ ‘ಏಟ್ಟನ್’ ಹೋಗಿ ‘ಅಯಾಳ್’ ಬಂತೋ, ಸಂಸಾರ ಬಿರುಕು ಬಿಟ್ಟಿದೆ ಎಂದು ತಿಳಿಯಿರಿ. ‘ಆ ಮನುಷ್ಯ’ ಎಂದಷ್ಟೇ ದೂರ ಅದರಲ್ಲಿದೆ. ಜಗಳದ ದೃಶ್ಯಕ್ಕೆ ಕಾಯಬೇಕಿಲ್ಲ, ಈ ಒಂದು ಪದ ಸಾಕು.

ಅಮ್ಮಾವನ್

ಅಮ್ಮಾವನ್ ಎಂದರೆ ಸೋದರಮಾವ. ನಮ್ಮಲ್ಲಿ ಹಲವರು ಅಕ್ಕನ ಮಗಳನ್ನು ಮದುವೆಯಾಗುವುದುಂಟು, ಅದಕ್ಕೇ ಹರೆಯದ ಅಮ್ಮಾವನ್ ಸಲಿಗೆ ತೋರಿದರೆ ಕನ್ನಡದ ಕಣ್ಣು ಪ್ರೇಮಕಥೆ ಹುಡುಕುತ್ತದೆ. ನಾಯರ್ ಮನೆಯ ಕಥೆಯಲ್ಲಿ ಅದು ಆಗದ ಮಾತು. ಮರುಮಕ್ಕತ್ತಾಯಂ ಪದ್ಧತಿಯಲ್ಲಿ ವಂಶ ಹೆಣ್ಣಿನ ಕಡೆಯಿಂದ ಹರಿಯುತ್ತದೆ, ಸೋದರಮಾವನೂ ಸೋದರಿಯ ಮಗಳೂ ಒಂದೇ ತರವಾಡಿನವರು, ಅಂದರೆ ತಾಯಿ ಕಡೆಯ ಒಂದೇ ಅವಿಭಕ್ತ ಕುಟುಂಬದವರು, ಅವನು ತಂದೆಯ ಸ್ಥಾನದವನು. ಅವನ ಮಕ್ಕಳು ಮಾತ್ರ ತಾಯಿಯ ತರವಾಡಿಗೆ ಸೇರುತ್ತಾರೆ, ಆದ್ದರಿಂದ ಅವನ ಮಗಳು ಮುರಪ್ಪೆಣ್ಣ್, ಮದುವೆಗೆ ಹಕ್ಕಿನ ಹೆಣ್ಣು. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವಿಭಕ್ತ ಕುಟುಂಬವನ್ನು ಕೇರಳ 1975ರ ಕಾಯ್ದೆಯಿಂದ ರದ್ದು ಮಾಡಿತು. ಆದರೂ ಧಾರಾವಾಹಿಯಲ್ಲಿ ಮದುವೆ ಮಾತುಕತೆಗೆ ಅಮ್ಮಾವನ್ ಬಂದು ಕೂತೇ ಕೂರುತ್ತಾನೆ.

ಮರುಮಕಳ್: ಸೊಸೆ, ಸೋದರಿಯ ಮಗಳು, ಎರಡೂ. ಕನ್ನಡದ ‘ಸೊಸೆ’ಯಂತೆಯೇ.

ಮಿನ್ನ್: ಸಿರಿಯನ್ ಕ್ರೈಸ್ತರ ತಾಳಿ. ಮಿನ್ನುಕೆಟ್ಟ್ ಎಂದರೆ ಅದನ್ನು ಕಟ್ಟುವ ಶಾಸ್ತ್ರ.

ಅಭ್ಯಾಸಕ್ಕೆ 1998ರಲ್ಲಿ ಏಷ್ಯಾನೆಟ್‌ನಲ್ಲಿ ಶುರುವಾದ, ನಮ್ಮ ವಿನಯಾ ಪ್ರಸಾದ್ ನಾಯಕಿಯಾಗಿದ್ದ ‘ಸ್ತ್ರೀ’ಯ ಕಂತು ಸಿಕ್ಕರೆ ನೋಡಿ. ಹಾಳೆಯಲ್ಲಿ ನಾಲ್ಕು ಕಲಂ ಹಾಕಿ: ಯಾರು, ಯಾರನ್ನು, ಎದುರಿಗೆ ಏನೆಂದರು, ಬೆನ್ನ ಹಿಂದೆ ಏನೆಂದರು. ಕೊನೆಯದನ್ನು ಖಾಲಿ ಬಿಡಬೇಡಿ, ‘ಅಯಾಳ್’ ಸಿಗುವುದು ಅಲ್ಲೇ.