ಕೇಬಲ್ ಒಂದೇ, ಪೋರ್ಟ್ ಒಂದೇ; ಮಶೀನ್‌ಗಳು ಮಾತ್ರ ಮಾತಾಡಲ್ಲ, ಯಾಕೆ?

ಪ್ರಶ್ನೆ: ನಮ್ಮ ಲೈನಿಗೆ ಹೊಸ ಪ್ಯಾಕಿಂಗ್ ಮಶೀನ್ ಬಂದಿದೆ. ಅದರ ಪಿಎಲ್‌ಸಿ (ಮಶೀನನ್ನು ನಡೆಸುವ ಪುಟ್ಟ ಕಂಪ್ಯೂಟರ್) ಒಂದು ಕಂಪನಿಯದು, ಹಳೇ ಲೈನಿನ ಪಿಎಲ್‌ಸಿ ಇನ್ನೊಂದು ಕಂಪನಿಯದು. ಎರಡರಲ್ಲೂ ಈಥರ್ನೆಟ್ ಪೋರ್ಟ್ ಇದೆ. ಆದರೂ ನಡುವೆ ಗೇಟ್‌ವೇ (ಒಂದರ ಭಾಷೆಯನ್ನು ಇನ್ನೊಂದಕ್ಕೆ ಅನುವಾದಿಸುವ ಡಬ್ಬಿ) ಬೇಕು, ಅದಕ್ಕೆ ಬೇರೆ ದುಡ್ಡು ಅಂತಾರೆ. ಮನೇಲಿ ಯಾವ ಕಂಪನಿಯ ಲ್ಯಾಪ್‌ಟಾಪ್ ಆದರೂ ಒಂದೇ ರೂಟರಿಗೆ ಸೇರಿಕೊಳ್ಳುತ್ತೆ. ಫ್ಯಾಕ್ಟರಿಗೆ ಮಾತ್ರ ಯಾಕೆ ಇಷ್ಟೊಂದು ನೆಟ್‌ವರ್ಕ್? ಜಗತ್ತಿಗೆಲ್ಲ ಒಂದೇ ಇದ್ದರೆ ಆಗಲ್ವಾ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಸಾಮಾನ್ಯವಾಗಿ ಬಿಲ್ ಕೈಗೆ ಬಂದ ಮೇಲೆ ಬರುತ್ತದೆ. ಚುಟುಕಾಗಿ ಹೇಳುವುದಾದರೆ, ನೆಟ್‌ವರ್ಕನ್ನು ಯಾರೂ ಬೇರೆಯಾಗಿ ನೋಡಿ, ಅಳೆದು ಸುರಿದು ಕೊಳ್ಳುವುದಿಲ್ಲ. ಕೊಳ್ಳುವುದು ಪಿಎಲ್‌ಸಿ. ನೆಟ್‌ವರ್ಕ್ ಅದರ ಬೆನ್ನಿಗೇ ಬರುತ್ತದೆ. ಒಮ್ಮೆ ಬಂದರೆ ಆ ಮಶೀನ್ ಗುಜರಿಗೆ ಹೋಗುವವರೆಗೂ, ಅಂದರೆ ಇಪ್ಪತ್ತು ಮೂವತ್ತು ವರ್ಷ, ಅಲ್ಲೇ ಇರುತ್ತದೆ.

ಮೊದಲು ಕೇಬಲ್ ವಿಷಯ. ನಿಮ್ಮ ಎರಡೂ ಮಶೀನ್‌ಗಳಲ್ಲಿ ಒಂದೇ ಥರದ ಈಥರ್ನೆಟ್ ಇರುವುದು ನಿಜ. ಆದರೆ ಅದು ಬರೀ ದಾರಿ. ಆ ದಾರಿಯಲ್ಲಿ ಡೇಟಾ ಹೇಗೆ ಹೋಗಬೇಕು ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ರೀತಿ ಮಾಡಿಕೊಂಡಿದ್ದಾರೆ. ಆ ನಿಯಮಗಳಿಗೇ ಪ್ರೋಟೋಕಾಲ್ ಅನ್ನುವುದು. ಲ್ಯಾಪ್‌ಟಾಪ್‌ಗೆ ವೆಬ್ ಪುಟ ಅರ್ಧ ಸೆಕೆಂಡ್ ತಡವಾಗಿ ಬಂದರೆ ಯಾರಿಗೂ ಏನೂ ಆಗುವುದಿಲ್ಲ. ಹೇಳಿದ ಜಾಗದಲ್ಲೇ ಕರಾರುವಾಕ್ಕಾಗಿ ನಿಲ್ಲಬೇಕಾದ ಸರ್ವೋ ಮೋಟಾರಿಗೆ ಹಾಗಲ್ಲ. ಎಲ್ಲಿ ನಿಲ್ಲಬೇಕು ಅನ್ನುವ ಮಾತು ಮಿಲಿಸೆಕೆಂಡಿನೊಳಗೆ ಬರಬೇಕು, ಪ್ರತಿ ಸಲವೂ ಅದೇ ಹೊತ್ತಿಗೆ ಬರಬೇಕು. ಇಲ್ಲದಿದ್ದರೆ ಕಟರ್ ಬಿಸ್ಕತ್ ಪ್ಯಾಕೆಟ್ಟಿನ ನಡುವೆಯೇ ಬೀಳುತ್ತದೆ.

ಇದನ್ನು ಸಾಧಿಸಲು ಪ್ರೊಫಿನೆಟ್ ಅನ್ನುವ ಪ್ರೋಟೋಕಾಲ್ ಒಂದು ದಾರಿ ಹಿಡಿಯಿತು. ಸೆಟ್ಟಿಂಗ್ಸ್, ಡಯಾಗ್ನೋಸ್ಟಿಕ್ಸ್ ಎಲ್ಲ ಇಂಟರ್ನೆಟ್ಟಿನ ಮಾಮೂಲಿ ಐಪಿ ನಿಯಮದ ಮೇಲೆ ಹೋಗುತ್ತವೆ. ಅವಸರದ ಡೇಟಾ ಮಾತ್ರ ಐಪಿ ಬಿಟ್ಟು ನೇರವಾಗಿ ಈಥರ್ನೆಟ್ ಫ್ರೇಮಿನಲ್ಲಿ (ಡೇಟಾದ ಪೊಟ್ಟಣದಲ್ಲಿ) ಓಡುತ್ತದೆ. ಈಥರ್ನೆಟ್/ಐಪಿ ಅನ್ನುವ ಇನ್ನೊಂದು ಪ್ರೋಟೋಕಾಲಿನವರು ಎಲ್ಲವನ್ನೂ ಇಂಟರ್ನೆಟ್ಟಿನ ಮಾಮೂಲಿ ಟಿಸಿಪಿ, ಯುಡಿಪಿ ನಿಯಮಗಳ ಮೇಲೆಯೇ ಇಟ್ಟರು. ಈಥರ್‌ಕ್ಯಾಟ್ ಮೂರನೆಯದು. ಜರ್ಮನಿಯ ಬೆಕ್‌ಹಾಫ್ ಕಂಪನಿ 2003ರಲ್ಲಿ ತಂದದ್ದು. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವನು ನಿಲ್ಲದೆ ನಡೆಯುತ್ತಾ ಹೋಗುತ್ತಾನೆ, ಪ್ರತಿ ಎಲೆಗೂ ಅದರ ಪಾಲು ಬೀಳುತ್ತದೆ ಅಲ್ವಾ? ಇಲ್ಲೂ ಹಾಗೆಯೇ. ಮಾಸ್ಟರ್ (ಎಲ್ಲವನ್ನೂ ನಡೆಸುವ ಕಂಟ್ರೋಲರ್) ಕಳಿಸಿದ ಒಂದೇ ಫ್ರೇಮ್ ಎಲ್ಲ ಸಾಧನಗಳ ಮೂಲಕ ಹಾದು ಹೋಗುತ್ತದೆ. ಪ್ರತಿ ಸಾಧನವೂ ತನ್ನ ಪಾಲನ್ನು ತೆಗೆದುಕೊಂಡು, ಹೇಳಬೇಕಾದ್ದನ್ನು ಅದರಲ್ಲೇ ಸೇರಿಸಿ ಮುಂದೆ ಬಿಡುತ್ತದೆ. ಇದಕ್ಕೆ ಪ್ರತಿ ಸಾಧನದಲ್ಲೂ ವಿಶೇಷ ಚಿಪ್ ಬೇಕು. ಹಾಗಾಗಿ ಈ ಮೂರನ್ನೂ ಒಂದೇ ಸ್ವಿಚ್ಚಿಗೆ ಚುಚ್ಚಿದ ಮಾತ್ರಕ್ಕೆ ಅವು ಒಂದನ್ನೊಂದು ಅರ್ಥ ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಎಲ್ಲರೂ ಕೂತು ಒಂದನ್ನೇ ಒಪ್ಪಿಕೊಳ್ಳಬಹುದಿತ್ತಲ್ಲ? ಕೂತರು. ಹದಿನೈದು ವರ್ಷ ಕೂತರು. ಅದರ ಕಥೆ ಸ್ವಲ್ಪ ಹೇಳಲೇಬೇಕು.

ಮೊದಲು ಇದ್ದದ್ದು 4–20 ಮಿಲಿಆಂಪ್, ಅಂದರೆ ಸೆನ್ಸರಿನ ಅಳತೆಯನ್ನು ಕರೆಂಟಿನ ಪ್ರಮಾಣದಲ್ಲೇ ಹೇಳುವುದು. ಒಂದು ಸೆನ್ಸರಿಗೆ ಒಂದು ಜೊತೆ ತಂತಿ. 4 ಅಂದರೆ ಸೊನ್ನೆ, 20 ಅಂದರೆ ಪೂರ್ತಿ. ಕರೆಂಟ್ ಸೊನ್ನೆಗೇ ಇಳಿದರೆ ತಂತಿ ಕಡಿದಿದೆ ಅಂತ ಅರ್ಥ. ಎಷ್ಟು ಜಾಣ ಯೋಚನೆ ಅಂದರೆ, ಇವತ್ತಿಗೂ ಅದನ್ನು ಬಳಸುತ್ತಾರೆ. ಆದರೆ ಸಾವಿರ ಸೆನ್ಸರಿಗೆ ಸಾವಿರ ಜೊತೆ ತಂತಿ ಎಳೆಯಬೇಕು. ಅದಕ್ಕೇ ಒಂದೇ ತಂತಿಯಲ್ಲಿ ಹಲವು ಸಾಧನಗಳನ್ನು ಕೂಡಿಸುವ ಫೀಲ್ಡ್‌ಬಸ್ ಬಂತು. 1979ರಲ್ಲಿ ಅಮೆರಿಕದ ಮೋಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗೆ ಅಂತ ಮಾಡ್‌ಬಸ್ ಮಾಡಿತು. 1986ರಲ್ಲಿ ಬಾಷ್ ಕಾರುಗಳಿಗಾಗಿ ಕ್ಯಾನ್ ಬಸ್ ತಂದಿತು. 1987ರಲ್ಲಿ ಜರ್ಮನಿಯಲ್ಲಿ ಸರ್ಕಾರದ ಬೆಂಬಲದಿಂದ ಪ್ರೊಫಿಬಸ್ ಕೆಲಸ ಶುರುವಾಯಿತು. ಫ್ರಾನ್ಸ್‌ನವರದ್ದು ವರ್ಲ್ಡ್‌ಫಿಪ್, ಡೆನ್ಮಾರ್ಕ್‌ನವರದ್ದು ಪಿ-ನೆಟ್.

1980ರ ದಶಕದ ನಡುವಿನಲ್ಲಿ ಐಇಸಿ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆ ಎಲ್ಲರಿಗೂ ಒಂದೇ ಫೀಲ್ಡ್‌ಬಸ್ ಸ್ಟ್ಯಾಂಡರ್ಡ್ ಮಾಡಲು ಹೊರಟಿತು. ಆಮೇಲೆ ನಡೆದದ್ದಕ್ಕೆ ಆ ವಲಯದವರು ಇಟ್ಟ ಹೆಸರೇ ಫೀಲ್ಡ್‌ಬಸ್ ಯುದ್ಧ. ಒಂದು ದೇಶ ಒಪ್ಪಿದ್ದನ್ನು ಇನ್ನೊಂದು ದೇಶ ತಳ್ಳಿಹಾಕುವುದು, ವೋಟಿಂಗ್, ಮತ್ತೆ ವೋಟಿಂಗ್. ತಮ್ಮದೇ ಗೆದ್ದರೆ ಮುಂದಿನ ಮೂವತ್ತು ವರ್ಷದ ಬಿಡಿಭಾಗದ ವ್ಯಾಪಾರ ತಮ್ಮದು ಅಂತ ಎಲ್ಲ ಕಂಪನಿಗಳಿಗೂ ಗೊತ್ತಿತ್ತು. ಕೊನೆಗೆ 1999–2000ರ ಹೊತ್ತಿಗೆ ಐಇಸಿ 61158 ಹೊರಬಂತು. ಅದರಲ್ಲಿ ಏನಿತ್ತು ಗೊತ್ತಾ? ಎಂಟು ಬೇರೆ ಬೇರೆ ಫೀಲ್ಡ್‌ಬಸ್, ಒಂದೇ ರಟ್ಟಿನೊಳಗೆ! ಎಲ್ಲರೂ ಗೆದ್ದರು. ನಿಮ್ಮ ಗೇಟ್‌ವೇ ಬಿಲ್ ನಿಜವಾಗಿ ಹುಟ್ಟಿದ್ದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಈಥರ್ನೆಟ್ ಬಂದಾಗಲೂ ಅದೇ ಗುಂಪುಗಳು ಅದೇ ಜಗಳವನ್ನು ಹೊಸ ಕೇಬಲ್ಲಿಗೆ ವರ್ಗಾಯಿಸಿದವು, ಅಷ್ಟೆ.

ಮಾರುಕಟ್ಟೆ ಇವತ್ತು ಹೇಗಿದೆ ಅಂತ ನೋಡಿದರೆ ಆ ಗೆರೆಗಳು ಹಾಗೇ ಕಾಣುತ್ತವೆ. ಪ್ರೊಫಿನೆಟ್ ಹಿಂದೆ ಸೀಮೆನ್ಸ್ ಇದೆ, ಹಾಗಾಗಿ ಯುರೋಪಿನಲ್ಲಿ ಅದು ಬಲ. ಈಥರ್ನೆಟ್/ಐಪಿ ಹಿಂದೆ ರಾಕ್‌ವೆಲ್ ಕಂಪನಿ ಇದೆ, ಅಮೆರಿಕದಲ್ಲಿ ಅದು ಬಲ. ಜಪಾನಿನ ಮಿತ್ಸುಬಿಷಿ ಮಶೀನ್ ತಂದರೆ ಜೊತೆಗೆ ಸಿಸಿ-ಲಿಂಕ್ ಅನ್ನುವ ನೆಟ್‌ವರ್ಕ್ ಬರುವುದೇ ಹೆಚ್ಚು. ನಮ್ಮಲ್ಲಿ ಮಶೀನ್ ಎಲ್ಲ ಕಡೆಯಿಂದಲೂ ಬರುತ್ತದೆ. ಹಾಗಾಗಿ ಪೀಣ್ಯದಂಥ ಕಡೆ ಒಂದೇ ಶೆಡ್ಡಿನಲ್ಲಿ ಮೂರೂ ಸಿಕ್ಕರೆ ಆಶ್ಚರ್ಯವಿಲ್ಲ.

ಸ್ವೀಡನ್ನಿನ ಎಚ್‌ಎಂಎಸ್ ನೆಟ್‌ವರ್ಕ್ಸ್ ಕಂಪನಿ ಪ್ರತಿ ವರ್ಷ ಒಂದು ಲೆಕ್ಕ ಕೊಡುತ್ತದೆ: ಫ್ಯಾಕ್ಟರಿಗಳಲ್ಲಿ ಹೊಸದಾಗಿ ಕೂಡಿಸಿದ ಸಾಧನಗಳಲ್ಲಿ ಯಾವ ನೆಟ್‌ವರ್ಕ್ ಎಷ್ಟು ಅಂತ. 2018ರಲ್ಲಿ ಮೊದಲ ಸಲ ಈಥರ್ನೆಟ್ ಜಾತಿಯವು ಶೇ. 52 ಮುಟ್ಟಿ ಹಳೇ ಫೀಲ್ಡ್‌ಬಸ್‌ಗಳನ್ನು ಹಿಂದೆ ಹಾಕಿದವು. 2024ರ ಲೆಕ್ಕದಲ್ಲಿ ಈಥರ್ನೆಟ್ ಶೇ. 71, ಫೀಲ್ಡ್‌ಬಸ್ ಶೇ. 22, ವೈರ್‌ಲೆಸ್ ಶೇ. 7. ಆ ಶೇ. 71ರೊಳಗೆ ಪ್ರೊಫಿನೆಟ್ 23, ಈಥರ್ನೆಟ್/ಐಪಿ 21, ಈಥರ್‌ಕ್ಯಾಟ್ 16. ಆ ವರ್ಷ ಯಾರೂ ಕಾಲು ಭಾಗವನ್ನೂ ದಾಟಿರಲಿಲ್ಲ, ನೋಡಿ. ಅಂದ ಹಾಗೆ ಎಚ್‌ಎಂಎಸ್ ಮಾರುವುದೇ ಗೇಟ್‌ವೇಗಳನ್ನು. ಎಲ್ಲರೂ ಒಂದಾಗದಿದ್ದರೆ ಅವರಿಗೆ ನಷ್ಟವೇನಿಲ್ಲ!

ಈ ಮಾರುಕಟ್ಟೆ ಇಷ್ಟು ಬಿಲಿಯನ್ ಡಾಲರ್, ವರ್ಷಕ್ಕೆ ಇಷ್ಟು ಬೆಳೆಯುತ್ತೆ ಅನ್ನುವ ವರದಿಗಳೂ ಕಾಣಿಸುತ್ತವೆ. ನಾನು ಅವನ್ನು ಜಾಸ್ತಿ ಹಚ್ಚಿಕೊಳ್ಳುವುದಿಲ್ಲ. ಒಬ್ಬರು ಸ್ವಿಚ್ ಮತ್ತು ಕೇಬಲ್ ಮಾತ್ರ ಲೆಕ್ಕ ಹಾಕಿದರೆ ಇನ್ನೊಬ್ಬರು ಸಾಫ್ಟ್‌ವೇರ್, ಸರ್ವಿಸ್ ಎಲ್ಲ ಸೇರಿಸಿರುತ್ತಾರೆ. ಎಷ್ಟು ಸಾಧನ ಯಾವುದಕ್ಕೆ ಸೇರಿತು ಅನ್ನುವ ಲೆಕ್ಕವೇ ನಿಮ್ಮಂಥವರ ಕೆಲಸಕ್ಕೆ ಬರುವುದು.

ಇಷ್ಟರ ನಡುವೆ ಮಾಡ್‌ಬಸ್ ಇನ್ನೂ ಸತ್ತಿಲ್ಲ. ಎನರ್ಜಿ ಮೀಟರ್, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ), ಸೋಲಾರ್ ಇನ್ವರ್ಟರ್, ಡಿಜಿ ಸೆಟ್, ಚಿಲ್ಲರ್, ಎಲ್ಲಿ ನೋಡಿದರೂ ಅದೇ. ಕಾರಣ ಸರಳ: ಲೈಸೆನ್ಸ್ ದುಡ್ಡಿಲ್ಲ, ಎರಡು ತಂತಿ ಸಾಕು, ಅಗ್ಗದ ಚಿಪ್ಪಿನಲ್ಲೂ ಓಡುತ್ತದೆ. ಕೇಳುವ ಪ್ರಶ್ನೆ ಒಟ್ಟು 8 ಬೈಟ್: ಯಾರಿಗೆ, ಏನು ಮಾಡಬೇಕು, ಯಾವ ರಿಜಿಸ್ಟರಿನಿಂದ (ಸಂಖ್ಯೆ ಇಡುವ ಖಾನೆಯಿಂದ), ಎಷ್ಟು, ಕೊನೆಗೆ ತಪ್ಪು ಹಿಡಿಯಲು ಎರಡು ಬೈಟ್.

ಆದರೆ ಮಾಡ್‌ಬಸ್ ಇದ್ದರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಒಂದು ಉದಾಹರಣೆ. ಮೀಟರಿನಲ್ಲಿ 230 ವೋಲ್ಟ್ ಇದೆ. ಮಾಡ್‌ಬಸ್ ರಿಜಿಸ್ಟರ್ 16 ಬಿಟ್ಟಿನದು, ದಶಾಂಶದ ಸಂಖ್ಯೆಗೆ 32 ಬಿಟ್ ಬೇಕು. ಹಾಗಾಗಿ 230 ಅನ್ನುವುದು ಎರಡು ರಿಜಿಸ್ಟರಾಗಿ ಬರುತ್ತದೆ: ಒಂದರಲ್ಲಿ 17254, ಇನ್ನೊಂದರಲ್ಲಿ 0. ಯಾವುದು ಮೊದಲು? ಅದನ್ನು ಮಾಡ್‌ಬಸ್ ನಿಯಮ ಹೇಳುವುದೇ ಇಲ್ಲ. ಒಂದು ಕಂಪನಿ ಹೀಗೆ, ಇನ್ನೊಂದು ಹಾಗೆ. ತಿರುಗಾಮುರುಗಾ ಓದಿದರೆ ಸ್ಕ್ರೀನಿನಲ್ಲಿ ಸೊನ್ನೆ ಬರುತ್ತದೆ. ವೈರಿಂಗ್ ಸರಿ, ಅಡ್ರೆಸ್ ಸರಿ, ಕಮ್ಯುನಿಕೇಶನ್ ಲೈಟ್ ಮಿನುಗುತ್ತಿದೆ, ಆದರೂ ವೋಲ್ಟೇಜ್ ಸೊನ್ನೆ. ಇದರ ಜೊತೆಗೆ ಎರಡು ತಂತಿ ಸೇರಿಸುವ ಎ, ಬಿ ಟರ್ಮಿನಲ್‌ಗಳ ಹೆಸರು ಕೆಲವು ಕಂಪನಿಗಳಲ್ಲಿ ಅದಲುಬದಲು. ಕೇಬಲ್ಲಿನ ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಲು ಮರೆತರೆ ಉದ್ದದ ಲೈನಿನಲ್ಲಿ ಆಗಾಗ ಎರರ್. ಒಂದೇ ಪ್ರೋಟೋಕಾಲ್ ಆದರೆ ಎಲ್ಲ ಸರಿಹೋಗುತ್ತೆ ಅನ್ನುವವರು ಒಮ್ಮೆ ಹತ್ತು ಕಂಪನಿಯ ಮೀಟರುಗಳನ್ನು ಒಂದೇ ಲೂಪಿಗೆ ಸೇರಿಸಿ ನೋಡಲಿ.

ಮಾಡ್‌ಬಸ್ಸಿಗೆ ಪಾಸ್‌ವರ್ಡ್ ಅನ್ನುವುದೂ ಇಲ್ಲ. ಕೇಳಿದವರಿಗೆಲ್ಲ ಉತ್ತರ ಕೊಡುತ್ತದೆ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತದೆ. 2024ರ ಜನವರಿಯಲ್ಲಿ ಉಕ್ರೇನಿನ ಲ್ವಿವ್ ನಗರದಲ್ಲಿ 600ಕ್ಕೂ ಹೆಚ್ಚು ವಸತಿ ಕಟ್ಟಡಗಳಿಗೆ ಕೊರೆಯುವ ಚಳಿಯಲ್ಲಿ ಸುಮಾರು ಎರಡು ದಿನ ಹೀಟಿಂಗ್ ಇರಲಿಲ್ಲ. ಹೀಟಿಂಗ್ ಕಂಟ್ರೋಲರುಗಳಿಗೆ ಯಾರೋ ಹೊರಗಿನಿಂದ ಮಾಡ್‌ಬಸ್ ಕಮಾಂಡ್ ಕಳಿಸಿದ್ದರು. ಹಾಗಾಗಿ ಗೇಟ್‌ವೇ ಹಾಕುವಾಗ ಅದನ್ನು ಆಫೀಸಿನ ವೈಫೈ ನೆಟ್‌ವರ್ಕಿಗೆ ಸುಮ್ನೆ ಚುಚ್ಚಬೇಡಿ.

ಮುಂದೆ ಒಂದಾಗುತ್ತಾ? ಮೇಲಿನ ಮಟ್ಟದಲ್ಲಿ, ಅಂದರೆ ಮಶೀನಿನಿಂದ ಸ್ಕಾಡಾಗೆ (ಇಡೀ ಪ್ಲಾಂಟನ್ನು ಸ್ಕ್ರೀನಿನಲ್ಲಿ ನೋಡಿ ನಡೆಸುವ ಸಾಫ್ಟ್‌ವೇರಿಗೆ), ಕ್ಲೌಡಿಗೆ ಡೇಟಾ ಕೊಡುವ ಕಡೆ, ಒಪಿಸಿ ಯುಎ ಅನ್ನುವ ಸ್ಟ್ಯಾಂಡರ್ಡ್ ಹೆಚ್ಚುಕಮ್ಮಿ ಎಲ್ಲರೂ ಒಪ್ಪಿದ ದಾರಿ ಆಗಿದೆ. ಕೆಮಿಕಲ್, ಆಯಿಲ್ ಪ್ಲಾಂಟುಗಳಿಗೆ ಎರಡೇ ತಂತಿಯಲ್ಲಿ ಕರೆಂಟೂ ಡೇಟಾವೂ ಹೋಗುವ ಈಥರ್ನೆಟ್-ಎಪಿಎಲ್ 2021ರಲ್ಲಿ ಬಂತು. ಅದು ಒಳ್ಳೆಯ ಕೆಲಸ. ಆದರೆ ಸರ್ವೋ ಮಟ್ಟದಲ್ಲಿ ಇವರೆಲ್ಲ ಒಂದಾಗುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.

ಇನ್ನು ನಿಮ್ಮ ಪ್ಯಾಕಿಂಗ್ ಮಶೀನ್. ಸ್ಟಾರ್ಟ್, ಸ್ಟಾಪ್, ಪ್ಯಾಕೆಟ್ ಎಣಿಕೆ, ಫಾಲ್ಟ್ ಇಷ್ಟೇ ಹಂಚಿಕೊಳ್ಳಬೇಕಿದ್ದರೆ ಗೇಟ್‌ವೇ ಧಾರಾಳ ಸಾಕು. ನಾಲ್ಕೈದು ಸಿಗ್ನಲ್ ಮಾತ್ರ ಆದರೆ ರಿಲೇ ಹಾಕಿ ನೇರ ವೈರ್ ಎಳೆಯುವುದು ಇನ್ನೂ ಅಗ್ಗ. ಎರಡು ಕನ್ವೇಯರ್ ಒಂದೇ ವೇಗದಲ್ಲಿ ಹೆಜ್ಜೆ ಹಾಕಬೇಕಿದ್ದರೆ ಗೇಟ್‌ವೇ ನಂಬಬೇಡಿ, ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತು ಅಂತ ಹೇಳುವ ಸೆನ್ಸರ್) ಸಿಗ್ನಲ್ ನೇರವಾಗಿ ಕೊಡಿಸಿ. ಎಮರ್ಜೆನ್ಸಿ ಸ್ಟಾಪನ್ನು ಮಾಮೂಲಿ ಗೇಟ್‌ವೇ ಮೂಲಕ ಖಂಡಿತ ಕಳಿಸಬೇಡಿ. ಅದು ಸೇಫ್ಟಿ ರಿಲೇ ಮೂಲಕ ತಂತಿಯಲ್ಲೇ ಹೋಗಲಿ.

ಮುಂದಿನ ಮಶೀನಿನ ಪರ್ಚೇಸ್ ಆರ್ಡರಿನಲ್ಲಿ "ಈಥರ್ನೆಟ್ ಪೋರ್ಟ್ ಇರಬೇಕು" ಅಂತ ಬರೆದು ಬಿಡಬೇಡಿ. ಯಾವ ಪ್ರೋಟೋಕಾಲ್ ಅಂತ ಹೆಸರು ಹಾಕಿ. ಪ್ರೊಫಿನೆಟ್ ಆದರೆ ಜಿಎಸ್‌ಡಿ ಫೈಲ್, ಈಥರ್ನೆಟ್/ಐಪಿ ಆದರೆ ಇಡಿಎಸ್ ಫೈಲ್ (ಎರಡರಲ್ಲೂ ಸಾಧನದ ವಿವರ ಇರುತ್ತದೆ), ಮಾಡ್‌ಬಸ್ ಆದರೆ ಪೂರ್ತಿ ರಿಜಿಸ್ಟರ್ ಪಟ್ಟಿ, ಯಾವ ರಿಜಿಸ್ಟರ್ ಮೊದಲು ಅನ್ನುವುದರ ಸಮೇತ ಕೇಳಿ. ಇವೆಲ್ಲ ನಿಮ್ಮ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.