ಲೈಟಿಗೂ ಒಂದು ರಿಮೋಟ್: ಗೋಜಲು ಬೆಳೆದು ಬಂದ ದಾರಿ

ಮಂಗಳೂರಿನ ಫ್ಲ್ಯಾಟಿರಲಿ, ಉಡುಪಿ ಕಡೆಯ ಹಂಚಿನ ಮನೆಯಿರಲಿ, ಚಾವಡಿಯ ಟೀಪಾಯಿ ಮೇಲೆ ಈಗ ನಾಲ್ಕೈದು ರಿಮೋಟುಗಳು ಬಿದ್ದಿರುತ್ತವೆ. ಟಿವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಎಸಿಗೊಂದು, ಫ್ಯಾನಿಗೊಂದು, ಇತ್ತೀಚೆಗೆ ಲೈಟಿಗೂ ಒಂದು. ಎಲ್ಲಕ್ಕೂ ಒಂದೇ ಇದ್ದರೆ ಸಾಲದೇ ಎಂದು ಯೂನಿವರ್ಸಲ್ ರಿಮೋಟ್ ತಂದವರಿದ್ದಾರೆ. ಟಿವಿ ಅದರ ಮಾತು ಕೇಳುತ್ತದೆ, ಲೈಟು ಕೇಳುವುದಿಲ್ಲ. ಯಾಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಲಗಿದಲ್ಲಿಂದಲೇ ದೀಪ ಆರಿಸುವ ಆಸೆ ರಿಮೋಟಿಗಿಂತ ಹಳೆಯದು. ಸೊಳ್ಳೆಪರದೆಯೊಳಗೆ ಸೇರಿಕೊಂಡ ಮೇಲೆ ಮತ್ತೆ ಎದ್ದು ಹೊರಬರುವ ಕಷ್ಟ ಕರಾವಳಿಯವರಿಗೆ ಗೊತ್ತು. ಅದಕ್ಕಾಗಿಯೇ ಹಳೆಯ ಮನೆಗಳಲ್ಲಿ ಮಂಚದ ತಲೆಯ ಬಳಿ ವಯರಿನ ತುದಿಗೆ ಬೆಡ್‌ಸ್ವಿಚ್ ತೂಗುತ್ತಿತ್ತು. ಕತ್ತಲಲ್ಲಿ ಕೈಗೆ ಸಿಗುತ್ತಿತ್ತು, ಬ್ಯಾಟರಿ ಬೇಡವಾಗಿತ್ತು.

ರಿಮೋಟ್ ಮನೆಮಾತಾದದ್ದು ಟಿವಿಯಿಂದ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಬೆಳಕಿನ ಕಿರಣದಿಂದ ಚಾನೆಲ್ ಬದಲಿಸುವ ಸಾಧನ ಮಾಡಿದರು. ಟಿವಿಗೆ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಅವರ, ಕಿವಿಗೆ ಕೇಳಿಸದ ಶಬ್ದದಿಂದ ನಡೆಯುವ ರಿಮೋಟ್ ಬಂತು. 1980ರ ದಶಕದ ಹೊತ್ತಿಗೆ ಕಣ್ಣಿಗೆ ಕಾಣದ ಬೆಳಕು, ಅಂದರೆ ಇನ್‌ಫ್ರಾರೆಡ್, ಆ ಜಾಗ ಹಿಡಿಯಿತು. ಲೈಟಿನ ದಾರಿ ಬೇರೆಯೇ ಇತ್ತು. 1975ರಲ್ಲಿ ಸ್ಕಾಟ್ಲೆಂಡಿನ ಪಿಕೊ ಎಲೆಕ್ಟ್ರಾನಿಕ್ಸ್ ರೂಪಿಸಿದ ಎಕ್ಸ್-10 ಪದ್ಧತಿ ಮನೆಯ ಕರೆಂಟ್ ವಯರಿನಲ್ಲೇ ಸಂಕೇತ ಕಳಿಸುತ್ತಿತ್ತು. ಎರಡು ದಾರಿಗಳೂ ಒಂದಾಗಲಿಲ್ಲ. ಈಗಿನ ತೊಡಕಿನ ಬೇರು ಇರುವುದು ಅಲ್ಲಿ.

ಇನ್‌ಫ್ರಾರೆಡ್ ರಿಮೋಟ್ ಮಾಡುವ ಕೆಲಸ ಸರಳ. ಅದರ ತುದಿಯ ಎಲ್‌ಇಡಿ ಕಣ್ಣಿಗೆ ಕಾಣದ ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಣುಕಿಸುತ್ತದೆ, ಆ ಮಿಣುಕಿನ ಗುಂಪುಗಳ ಉದ್ದದಲ್ಲೋ ನಡುವಿನ ಬಿಡುವಿನಲ್ಲೋ ಕೋಡ್ ಅಡಗಿರುತ್ತದೆ. ಜಪಾನಿನ ಎನ್‌ಇಸಿಯದು ಒಂದು ಲಿಪಿ, ಫಿಲಿಪ್ಸ್‌ನ ಆರ್‌ಸಿ-5 ಇನ್ನೊಂದು, ಸೋನಿಯದು ಮತ್ತೊಂದು. ಪ್ರತಿಯೊಬ್ಬರೂ ತಮ್ಮ ಯಂತ್ರಕ್ಕೆ ತಕ್ಕಂತೆ ಬರೆದುಕೊಂಡರು. 1987ರಲ್ಲಿ ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಬೇರೆ ರಿಮೋಟುಗಳ ಕೋಡ್ ಕಲಿತುಕೊಳ್ಳುವ ರಿಮೋಟೊಂದನ್ನು ಮಾರುಕಟ್ಟೆಗೆ ತಂದರು. ಇಂದು ಅಂಗಡಿಯಲ್ಲಿ ಸಿಗುವ ‘ಲರ್ನಿಂಗ್’ ರಿಮೋಟಿನ ತತ್ವವೂ ಅದೇ. ಆದರೆ ಎಷ್ಟೇ ಕಲಿತರೂ ಅದು ಹೇಳಬಲ್ಲದು ಅಷ್ಟೆ, ಕೇಳಿಸಿಕೊಳ್ಳಲು ಎದುರಿಗೊಂದು ಕಣ್ಣು ಬೇಕು. ಟಿವಿಗೆ ಆ ಕಣ್ಣು ಹುಟ್ಟಿನಿಂದಲೇ ಇದೆ, ಟ್ಯೂಬ್‌ಲೈಟಿಗೆ ಇಲ್ಲ.

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಎದ್ದದ್ದು ಸುಮಾರು ಹತ್ತು ವರ್ಷಗಳಿಂದೀಚೆಗೆ. 2015ರ ಜನವರಿಯಲ್ಲಿ ಕಡಿಮೆ ಬೆಲೆಗೆ ಎಲ್‌ಇಡಿ ಕೊಡುವ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾದ ಮೇಲೆ ಎಲ್‌ಇಡಿ ಬಲ್ಬು ಎಲ್ಲರ ಕೈಗೆಟುಕಿತು. ಬಣ್ಣ ಬದಲಿಸುವ, ಪುಟ್ಟ ರಿಮೋಟಿನ ಬಲ್ಬು, ಪಟ್ಟಿಗಳೂ ಹಿಂದೆಯೇ ಬಂದವು. ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನುಗಳೂ ಬಂದವು. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುವಲ್ಲಿ ಇವಕ್ಕೆ 30 ವ್ಯಾಟಿನ ಆಸುಪಾಸು ಸಾಕು, ವೇಗ ಬದಲಿಸುವುದು ರಿಮೋಟಿನಲ್ಲಿ. ಗೋಡೆಯ ರೆಗ್ಯುಲೇಟರ್ ತೆಗೆದು ರಿಮೋಟ್ ಹಿಡಿದವರಿಗೆ ಲೈಟಿಗೂ ಅದೇ ಯಾಕಾಗಬಾರದು ಎನಿಸಿತು. ಆಗ ಇಲೆಕ್ಟ್ರಿಷಿಯನ್ನರು ಸ್ವಿಚ್‌ಬೋರ್ಡಿನೊಳಗೆ ರಿಲೇ, ಅಂದರೆ ಸಂಕೇತಕ್ಕೆ ತಾನೇ ಆನ್-ಆಫ್ ಆಗುವ ಸ್ವಿಚ್, ಇರುವ ಕಿಟ್ ಕೂರಿಸತೊಡಗಿದರು.

ಉಡುಪಿಯ ನಮ್ಮ ಮನೆಯಲ್ಲಿ ಇವೆಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿದ್ದೇನೆ. ಮಂಡಿನೋವಿನ ಅಮ್ಮ ರಾತ್ರಿ ಏಳುವಾಗ ಕತ್ತಲಲ್ಲಿ ತಡಕಾಡಬಾರದು, ಉದ್ದೇಶ ಅಷ್ಟೆ. ಮೊದಲು ರಿಮೋಟ್ ಬಲ್ಬು. ಮಲಗುವ ಕೋಣೆಯಲ್ಲೊಂದು, ಪಕ್ಕದ ಓಣಿಯಲ್ಲೊಂದು. ಬಾಗಿಲು ತೆರೆದಿದ್ದರೆ ಒಂದನ್ನು ಆರಿಸಿದಾಗ ಎರಡೂ ಆರುತ್ತಿದ್ದವು. ಇಂಥ ಅಗ್ಗದ ಬಲ್ಬುಗಳಲ್ಲಿ ಅನೇಕಕ್ಕೆ ಒಂದೇ ವಿಳಾಸದ ಕೋಡ್ ಇರುತ್ತದೆ. ಗೋಡೆಯ ಸ್ವಿಚ್ ಯಾರಾದರೂ ಆಫ್ ಮಾಡಿಬಿಟ್ಟರಂತೂ ರಿಮೋಟ್ ಒತ್ತಿ ಪ್ರಯೋಜನವಿಲ್ಲ. ಸ್ವಿಚ್ ಮುಟ್ಟಬೇಡಿ ಎಂದು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತ ಇರಲಾದೀತೇ?

ಆಮೇಲೆ ವೈಫೈ ಬಲ್ಬು. ಇದಕ್ಕೆ ಇನ್‌ಫ್ರಾರೆಡ್ ಭಾಷೆಯೇ ಗೊತ್ತಿಲ್ಲ, ಹಾಗಾಗಿ ಯೂನಿವರ್ಸಲ್ ರಿಮೋಟ್ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಮುರಕಲ್ಲಿನ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋಗಿ ಎರಡು ಗಂಟೆಗೆ ಬಂದರೆ, ಆರಿಸಿಟ್ಟಿದ್ದ ಬಲ್ಬುಗಳೂ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು. ಕರೆಂಟು ಮರಳಿದಾಗ ಹಿಂದಿನ ಸ್ಥಿತಿಯಲ್ಲೇ ಇರು ಎನ್ನುವ ಸೆಟ್ಟಿಂಗ್ ಕೆಲವು ಬಲ್ಬುಗಳಲ್ಲಿದೆ, ಆದರೆ ಹುಡುಕಿ ಹಾಕಿಕೊಳ್ಳಬೇಕು. ಮೇ ತಿಂಗಳ ಒಂದು ಸಿಡಿಲಿಗೆ ರೂಟರ್ ಸುಟ್ಟಾಗ ಮೊಬೈಲಿನಿಂದ ಲೈಟು ಹಾಕುವುದೂ ನಿಂತಿತು. “ಒಂದು ಲೈಟಿಗೆ ಇಷ್ಟೆಲ್ಲ ಬೇಕಾ ಮಾರಾಯ?” ಎಂದರು ಅಮ್ಮ.

ಫೋನಿನ ಆದೇಶವನ್ನು ಇನ್‌ಫ್ರಾರೆಡ್‌ಗೆ ತಿರುಗಿಸುವ ಐಆರ್ ಬ್ಲಾಸ್ಟರ್ ಕೂಡ ತಂದೆ. ಅದರ ತೊಡಕು ಸೂಕ್ಷ್ಮವಾದದ್ದು. ಅನೇಕ ಲೈಟ್ ಕಿಟ್ಟುಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಬಟನ್, ಒಂದೇ ಕೋಡ್. ಲೈಟು ಈಗ ಉರಿಯುತ್ತಿದೆಯೋ ಇಲ್ಲವೋ ಬ್ಲಾಸ್ಟರಿಗೆ ತಿಳಿಯುವುದಿಲ್ಲ. ಹತ್ತು ಗಂಟೆಗೆ ಆರಿಸು ಎಂದು ಹೇಳಿಟ್ಟರೆ, ಮೊದಲೇ ಆರಿದ್ದ ಲೈಟು ಹತ್ತಕ್ಕೆ ಸರಿಯಾಗಿ ಹೊತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬಟನ್ ಎಷ್ಟಿವೆ ಎಂಬುದಲ್ಲ, ಆನ್ ಮತ್ತು ಆಫ್ ಬೇರೆ ಬೇರೆ ಇವೆಯೇ ಎಂಬುದು.

ಕಡೆಗೆ ಉಳಿದುಕೊಂಡದ್ದು ಬೋರ್ಡಿನ ಹಿಂದೆ ಕೂರುವ ಕಿಟ್. ಗೋಡೆಯ ಸ್ವಿಚ್ಚೂ ನಡೆಯುತ್ತದೆ, ರಿಮೋಟೂ ನಡೆಯುತ್ತದೆ, ಇಂಟರ್ನೆಟ್ ಬೇಕಿಲ್ಲ. ಎನ್‌ಇಸಿ ಲಿಪಿಯದಾದ್ದರಿಂದ ಲರ್ನಿಂಗ್ ರಿಮೋಟ್ ಅದನ್ನು ಸುಲಭವಾಗಿ ಕಲಿಯಿತು. ಆರ್‌ಸಿ-5 ಆಗಿದ್ದರೆ ಕಷ್ಟವಾಗುತ್ತಿತ್ತು. ಪ್ರತಿ ಸಲ ಒತ್ತಿದಾಗಲೂ ಅದರ ಕೋಡಿನಲ್ಲಿ ಒಂದು ಬಿಟ್ (0 ಅಥವಾ 1ರ ಅಂಕೆ) ಬದಲಾಗಬೇಕು, ಬದಲಾಗದಿದ್ದರೆ ಬಟನ್ ಇನ್ನೂ ಒತ್ತಿಯೇ ಇದೆ ಎಂದು ಎದುರಿನ ಯಂತ್ರ ತಿಳಿಯಬಹುದು. ಈಗ ಅಮ್ಮನ ತಲೆದಿಂಬಿನ ಬಳಿ ದೊಡ್ಡ ಬಟನ್ನಿನ ಒಂದೇ ರಿಮೋಟ್ ಇದೆ. ಉಪ್ಪುಗಾಳಿಗೆ ಬ್ಯಾಟರಿಯ ಸ್ಪ್ರಿಂಗ್ ಕಿಲುಬು ಹಿಡಿಯುವುದರಿಂದ ಆಗಾಗ ಒರೆಸಿಡುತ್ತೇನೆ.

ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದೇ ಭಾಷೆ ಆಡಲಿ ಎಂದು 2022ರ ಅಕ್ಟೋಬರಿನಲ್ಲಿ ‘ಮ್ಯಾಟರ್’ ಎಂಬ ಒಪ್ಪಿತ ಮಾನದಂಡ ಹೊರಬಂತು. ಹೊಸದಾಗಿ ಕೊಳ್ಳುವವರಿಗೆ ಅದು ಒಳ್ಳೆಯದೇ. ಆದರೆ ಟೀಪಾಯಿ ಮೇಲಿನ ಇನ್‌ಫ್ರಾರೆಡ್ ರಿಮೋಟಿಗೂ ಅದಕ್ಕೂ ನೇರ ಮಾತುಕತೆಯಿಲ್ಲ, ನಡುವೆ ಇನ್ನೊಂದು ಪೆಟ್ಟಿಗೆ ಬೇಕು.

ನಮ್ಮ ಮನೆಯಲ್ಲಿ ಮಹಡಿ ಮೆಟ್ಟಿಲಿನ ಲೈಟಷ್ಟೇ ಬಾಕಿ. ಕೆಳಗೊಂದು, ಮೇಲೊಂದು ಟು-ವೇ ಸ್ವಿಚ್ ಇರುವ ಹಳೆಯ ವಯರಿಂಗ್ ಅದು. ಕಿಟ್ಟಿಗೆ ಕರೆಂಟು ಮರಳುವ ವಯರ್, ಅಂದರೆ ನ್ಯೂಟ್ರಲ್, ಬೇಕು. ಪ್ಲಗ್ ಇರುವ ಬೋರ್ಡಾಗಿದ್ದರೆ ಅದು ಸಿಗುತ್ತಿತ್ತು, ಆ ಎರಡು ಡಬ್ಬಿಗಳಲ್ಲಿ ಅದು ಇಲ್ಲ. ನ್ಯೂಟ್ರಲ್ ಬೇಡದ ಕಿಟ್ ಹಾಕಿದರೆ, ತಾನು ಎಚ್ಚರವಿರಲು ಅದು ಬಲ್ಬಿನ ಮೂಲಕವೇ ತುಸು ಕರೆಂಟು ಎಳೆಯುತ್ತದೆ. ಹಾಕಿ ನೋಡಿದಾಗ ಆರಿಸಿದ ಎಲ್‌ಇಡಿ ರಾತ್ರಿಯಿಡೀ ಮಂದವಾಗಿ ಮಿನುಗುತ್ತಿತ್ತು. ಮುರಕಲ್ಲು ಕೊರೆದು ಹೊಸ ವಯರ್ ಎಳೆಯುವುದನ್ನು ಮಳೆ ಮುಗಿದ ಮೇಲೆ ನೋಡೋಣ ಎಂದಿದ್ದಾರೆ ಇಲೆಕ್ಟ್ರಿಷಿಯನ್.