ಬಿಸಿಲು, ಮಾತ್ರೆ ಮತ್ತು ‘ನಂಜು’

ನಾಲ್ಕು ತಿಂಗಳು ಮೋಡದ ಕೆಳಗೇ ಇದ್ದ ಮೈಯನ್ನು ದೀಪಾವಳಿಯ ಆಸುಪಾಸಿನಲ್ಲಿ ಅಡಿಕೆ ಹರವಿದ ಅಂಗಳದ ಬಿಸಿಲಿಗೆ ಒಡ್ಡಿದ ಎರಡು-ಮೂರು ದಿನಗಳಲ್ಲಿ ಯಾರಿಗಾದರೂ ಕುತ್ತಿಗೆ, ಮುಖ, ಮುಂಗೈ ಕೆಂಪಾಗಿ ತುರಿಸತೊಡಗಿದರೆ, ತೀರ್ಥಹಳ್ಳಿ-ಸಾಗರದ ಕಡೆಯ ಮನೆಗಳಲ್ಲಿ ಹೊರಡುವ ಮೊದಲ ಮಾತು ‘ನಂಜಾಗಿದೆ’ ಎಂಬುದು. ತಿಂದದ್ದು ಮೈಗೆ ಒಗ್ಗಲಿಲ್ಲವೆಂದು ಬದನೆಕಾಯಿ ತಿನ್ನುವುದನ್ನು ಬಿಡಿಸುತ್ತಾರೆ, ಸಪ್ಪೆ ಊಟ ಹಾಕುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಿಸಿಲೊಂದನ್ನೇ ದೂರುವವರಿಗಿಂತ ಹೊಟ್ಟೆಗೆ ಹೋದದ್ದೇನು ಎಂದು ಹುಡುಕುವವರು ನಿಜಕ್ಕೆ ಹತ್ತಿರದಲ್ಲಿದ್ದಾರೆ. ಆದರೆ ಅವರು ತರಕಾರಿ ಬುಟ್ಟಿಯಲ್ಲಿ ಹುಡುಕುವುದನ್ನು ಮಾತ್ರೆಯ ಚೀಲದಲ್ಲೂ ಹುಡುಕಬೇಕಿತ್ತು.

ಕೆಲವು ಔಷಧಿ ಮತ್ತು ರಾಸಾಯನಿಕಗಳು ಚರ್ಮದಲ್ಲಿ ಸುಮ್ಮನೆ ಇರುತ್ತವೆ. ಬೆಳಕು ಬಿದ್ದಾಗ ಮಾತ್ರ ಕೆರಳುತ್ತವೆ. ಹಾಗೆ ಕೆರಳಿಸುವುದು ಹೆಚ್ಚಾಗಿ 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ-ಎ ಕಿರಣ. ಇದು ತೆಳು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರುವುದರಿಂದ, ಬಿಸಿಲಿನ ಕಾವು ಮೈಗೆ ತಾಗದ ದಿನವೂ ತೊಂದರೆ ತಪ್ಪುವುದಿಲ್ಲ. ಇದರಲ್ಲಿ ಎರಡು ಬಗೆಯಿದೆ. ಮೊದಲನೆಯದರಲ್ಲಿ, ಕಿರಣವನ್ನು ಹೀರಿದ ಔಷಧಿಯ ಅಣು ಜೀವಕೋಶವನ್ನು ನೇರವಾಗಿ ಸುಡುತ್ತದೆ. ಔಷಧಿಯೂ ಬೆಳಕೂ ಸಾಕಷ್ಟಿದ್ದರೆ ಯಾರಿಗಾದರೂ, ಮೊದಲ ಸಲವೇ, ಕೆಲವೇ ಗಂಟೆಗಳಲ್ಲಿ ಆಗಬಹುದು. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಈ ಗುಂಪಿನದು. ಎರಡನೆಯದೇ ನಿಜವಾದ ಅಲರ್ಜಿ: ಬೆಳಕಿನಿಂದ ರೂಪ ಬದಲಿಸಿದ ಅಣು ಚರ್ಮದ ಪ್ರೋಟೀನಿಗೆ ಅಂಟಿಕೊಂಡು, ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಹೀಗೆ ಒಮ್ಮೆ ಗುರುತಾದ ಮೇಲೆ ಅತ್ಯಲ್ಪ ಪ್ರಮಾಣವೂ ಸಾಕು. ತುರಿಕೆ ಒಂದು-ಮೂರು ದಿನ ತಡವಾಗಿ ಬರುತ್ತದೆ, ಬಟ್ಟೆ ಮುಚ್ಚಿದ ಜಾಗಕ್ಕೂ ಹರಡುತ್ತದೆ. ಈ ತಡವೇ ಅಪರಾಧಿಯನ್ನು ಮರೆಮಾಡಿಬಿಡುತ್ತದೆ.

ಬೆಳಕನ್ನೂ ಸಸ್ಯವನ್ನೂ ಕೂಡಿಸುವ ವಿದ್ಯೆ ನಮ್ಮಲ್ಲಿ ಹಳೆಯದೇ. ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ಆಯುರ್ವೇದದಲ್ಲಿದೆ. ಆ ಬೀಜದಿಂದ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿದ ವರದಿಯನ್ನು 1933ರಲ್ಲಿ ಪ್ರಕಟಿಸಿದವರು ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ಭಾರತೀಯ ರಸಾಯನ ವಿಜ್ಞಾನಿಗಳು. ಇದೇ ಕುಟುಂಬದ ವಸ್ತುಗಳು ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆಯಲ್ಲೂ ಇವೆ; ಬಿಸಿಲಿನಲ್ಲಿ ಕೂತು ನಿಂಬೆಹಣ್ಣು ಹಿಂಡಿದ ಕೈಯಲ್ಲಿ ರಸ ಹರಿದ ದಾರಿಯಲ್ಲೇ ಗುಳ್ಳೆಯೆದ್ದು ಕಪ್ಪು ಗೆರೆ ಉಳಿಯುವುದಕ್ಕೆ ಅವೇ ಕಾರಣ. ಹೊಲಗೇರಿನ ಸೊನೆ ತಾಗಿ ಮೈ ಊದುವುದು ಬೇರೆ ವಿಷಯ. ಅದಕ್ಕೆ ಬಿಸಿಲು ಬೇಕಾಗಿಲ್ಲ.

ಪ್ರಯೋಗಶಾಲೆಗೆ ಈ ಸಂಗತಿ ಸಿಕ್ಕಿದ್ದು ಆಕಸ್ಮಿಕವಾಗಿ. ಮ್ಯೂನಿಕ್‌ನಲ್ಲಿ ಔಷಧವಿಜ್ಞಾನಿ ಟ್ಯಾಪೈನರ್ ಅವರ ಬಳಿ ಓದುತ್ತಿದ್ದ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಅಕ್ರಿಡಿನ್ ಎಂಬ ವಸ್ತುವಿನಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಎಷ್ಟು ಹೊತ್ತಿಗೆ ಸಾಯುತ್ತವೆ ಎಂದು ಅಳೆಯುತ್ತಿದ್ದಾಗ, ಅಷ್ಟೇ ಪ್ರಮಾಣಕ್ಕೆ ದಿನಕ್ಕೊಂದು ಲೆಕ್ಕ ಬಂತು. ವ್ಯತ್ಯಾಸವಿದ್ದದ್ದು ಕೋಣೆಯ ಬೆಳಕಿನಲ್ಲಿ ಎಂದು ಆತ 1900ರಲ್ಲಿ ಪ್ರಕಟಿಸಿದ. ಕೆಲ ವರ್ಷಗಳ ನಂತರ ಜರ್ಮನಿಯ ವೈದ್ಯ ಮೇಯರ್-ಬೆಟ್ಜ್ ಪಾರ್ಫಿರಿನ್ ಎಂಬ ಬೆಳಕು ಹೀರುವ ಬಣ್ಣದ ವಸ್ತುಗಳಲ್ಲೊಂದಾದ ಹೆಮಟೊಪಾರ್ಫಿರಿನನ್ನು 200 ಮಿಲಿಗ್ರಾಂನಷ್ಟು ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಮುಖ ಗುರುತು ಸಿಗದಂತೆ ಊದಿತು. ಬೆಳಕನ್ನು ತಾಳಲಾರದ ಸ್ಥಿತಿ ತಿಂಗಳುಗಟ್ಟಲೆ ಉಳಿಯಿತು. 1913ರಲ್ಲಿ ಆತ ಅದನ್ನು ವರದಿ ಮಾಡಿದ.

ಈ ಪಾರ್ಫಿರಿನ್ನಿನ ಕಥೆ ಮಲೆನಾಡಿನ ಕೊಟ್ಟಿಗೆಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ನಮ್ಮ ಬೇಣ, ಬೆಟ್ಟ, ರಸ್ತೆಯ ಅಂಚುಗಳನ್ನೆಲ್ಲ ಆವರಿಸಿದೆ. ಮೇವು ಸಾಲದೆ ದನ ಅದನ್ನು ಮೇದರೆ ಎಲೆಯ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಸಿರು ಮೇವಿನ ಪತ್ರಹರಿತ್ತು ಹೊಟ್ಟೆಯಲ್ಲಿ ಒಡೆದು ಆಗುವ ಫೈಲೊಎರಿಥ್ರಿನ್, ಇದೂ ಒಂದು ಪಾರ್ಫಿರಿನ್ನೇ, ಸಾಮಾನ್ಯವಾಗಿ ಪಿತ್ತರಸದ ಜೊತೆ ಹೊರಹೋಗಬೇಕಾದದ್ದು, ದಾರಿ ಕಟ್ಟಿ ರಕ್ತದ ಮೂಲಕ ಚರ್ಮಕ್ಕೆ ಸೇರುತ್ತದೆ. ಆಮೇಲೆ ಬಿಸಿಲು ತನ್ನ ಕೆಲಸ ಮಾಡುತ್ತದೆ: ಕಪ್ಪು-ಬಿಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸುವಿನ ಬಿಳಿ ಮಚ್ಚೆಗಳಷ್ಟೇ ಬೆಂದು ಸುಲಿಯುತ್ತವೆ, ಪಕ್ಕದ ಕಪ್ಪು ಚರ್ಮ ಹಾಗೇ ಉಳಿಯುತ್ತದೆ, ಹಸು ಮೇವು ಬಿಟ್ಟು ನೆರಳು ಹುಡುಕುತ್ತದೆ. ವಸ್ತು ಒಳಗಿನದು, ಬೆಳಕು ಹೊರಗಿನದು, ಎರಡೂ ಕೂಡಿದಲ್ಲಿ ಮಾತ್ರ ಗಾಯ ಎಂಬುದಕ್ಕೆ ಆ ಹಸುವಿನ ಮೈಗಿಂತ ಸ್ಪಷ್ಟವಾದ ಪಾಠ ನನಗೆ ತಿಳಿದಿಲ್ಲ.

ಸುಡುವುದಕ್ಕೂ ಅಲರ್ಜಿಗೂ ಇರುವ ಗೆರೆಯನ್ನು ಸ್ಟೀಫನ್ ಎಪ್‌ಸ್ಟೈನ್ 1939ರಲ್ಲಿ ಸಲ್ಫಾನಿಲಮೈಡ್ ಎಂಬ ಔಷಧಿಯ ಪ್ರಯೋಗಗಳಿಂದ ಎಳೆದರು. ಅದರ ಬೆಲೆ ಗೊತ್ತಾದದ್ದು 1960ರ ಸುಮಾರಿಗೆ, ಬ್ರಿಟನ್ನಿನಲ್ಲಿ, ಸೋಪಿನಿಂದ. ಕೀಟಾಣು ಕೊಲ್ಲಲೆಂದು ಸೇರಿಸಿದ ಟೆಟ್ರಾಕ್ಲೋರೊಸ್ಯಾಲಿಸಿಲನಿಲೈಡ್ ಬಹಳಷ್ಟು ಜನರ ಮುಖ-ಕೈಗಳಲ್ಲಿ ಬೆಳಕಿನ ಅಲರ್ಜಿ ಎಬ್ಬಿಸಿತು, ಮತ್ತು ಕೆಲವರಲ್ಲಿ ಸೋಪು ಬಿಟ್ಟ ಮೇಲೂ ಅದು ಹೋಗಲಿಲ್ಲ. ಮುಂದೆ ಬೆನೊಕ್ಸಾಪ್ರೊಫೆನ್ ಎಂಬ ಕೀಲುನೋವಿನ ಮಾತ್ರೆ ಬಿಸಿಲಿಗೆ ಚರ್ಮ ಸುಡಿಸಿ, ಉಗುರು ಸಡಿಲಿಸಿ, ಕೊನೆಗೆ ವೃದ್ಧರಲ್ಲಿ ಯಕೃತ್ತಿನ ಸಾವುಗಳ ಕಾರಣದಿಂದ 1982ರಲ್ಲಿ ಮಾರುಕಟ್ಟೆ ಬಿಟ್ಟಿತು. ವಿಚಿತ್ರವೆಂದರೆ, ಬಿಸಿಲಿನಿಂದ ಕಾಯಲೆಂದೇ ಹಚ್ಚುವ ಸನ್‌ಸ್ಕ್ರೀನ್‌ಗಳಲ್ಲಿನ ಆಕ್ಸಿಬೆಂಜೋನ್ ಕೂಡ ಇಂಥ ಅಲರ್ಜಿಗೆ ಕಾರಣವಾಗುತ್ತದೆ.

ನಮ್ಮೂರ ಮಟ್ಟಿಗೆ ಇನ್ನೊಂದು ತೊಡಕು ಕಾಂಗ್ರೆಸ್ ಗಿಡ. ಪಾರ್ಥೇನಿಯಂನ ಒಣಪುಡಿ ಗಾಳಿಯಲ್ಲಿ ಬಂದು ಮುಖ-ಕುತ್ತಿಗೆಗೆ ಕೂತು ಎಬ್ಬಿಸುವ ತುರಿಕೆ ಮೇಲ್ನೋಟಕ್ಕೆ ಬಿಸಿಲಿನ ಅಲರ್ಜಿಯಂತೆಯೇ ಇರುತ್ತದೆ, ಎಷ್ಟೋ ಸಲ ಎರಡೂ ಕೂಡಿಯೇ ಇರುತ್ತವೆ. ವೈದ್ಯರು ಅದಕ್ಕೇ ಗಲ್ಲದ ಕೆಳಗೆ, ಕಿವಿಯ ಹಿಂದೆ, ಕಣ್ಣಿನ ರೆಪ್ಪೆಯ ಮೇಲೆ ನೋಡುತ್ತಾರೆ: ನೆರಳಿನ ಈ ಜಾಗಗಳು ತಿಳಿಯಾಗಿದ್ದರೆ ಅನುಮಾನ ಬೆಳಕಿನ ಕಡೆ, ಅಲ್ಲೂ ತುರಿಕೆಯಿದ್ದರೆ ಗಾಳಿಯ ಕಡೆ. ಖಚಿತವಾಗಬೇಕಾದರೆ ಅನುಮಾನದ ವಸ್ತುಗಳನ್ನು ಬೆನ್ನಿನ ಎರಡೂ ಬದಿಗೆ ಅಂಟಿಸಿ, ಒಂದು ಬದಿಗೆ ಮಾತ್ರ ನೇರಳಾತೀತ-ಎ ಬೆಳಕು ಕೊಟ್ಟು ಎರಡನ್ನೂ ಹೋಲಿಸುತ್ತಾರೆ.

ಹಾಗೆಂದು ಬಿಪಿಯ ಹೈಡ್ರೋಕ್ಲೋರೊಥಯಾಜೈಡನ್ನೋ ಜ್ವರದ ಡಾಕ್ಸಿಸೈಕ್ಲಿನನ್ನೋ ರೋಗಿ ತಾನಾಗಿ ನಿಲ್ಲಿಸಬಾರದು. ಮಾತ್ರೆಯ ಚೀಟಿಯನ್ನು ವೈದ್ಯರ ಮುಂದಿಟ್ಟರೆ ಸಾಕು. ಹಚ್ಚುವ ಮುಲಾಮನ್ನು ಹೇಳಲು ಮರೆಯುವವರೇ ಹೆಚ್ಚು. ಮಂಡಿನೋವಿಗೆ ತಿಕ್ಕುವ ಕೀಟೊಪ್ರೊಫೆನ್ ಜೆಲ್ ಎಬ್ಬಿಸುವ ಬೆಳಕಿನ ಅಲರ್ಜಿಯ ಬಗ್ಗೆ ಯುರೋಪಿನ ಔಷಧ ಸಂಸ್ಥೆ 2010ರಲ್ಲಿ ಮರುಪರಿಶೀಲನೆ ನಡೆಸಿ, ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ಶಿಫಾರಸು ಮಾಡಿತು. ಅದನ್ನು ಹಚ್ಚುವಷ್ಟು ದಿನವೂ, ಬಿಟ್ಟ ಮೇಲೆ ಎರಡು ವಾರವೂ, ಆ ಮಂಡಿ ಬಿಸಿಲು ಕಾಣಬಾರದು. ಮೋಡ ಕವಿದ ದಿನವೂ.